ಹಣ್ಣಾಗದ ಹುಳ

ನಾಲ್ಕನೇ ಜ್ವರ ಕಳೆದು ಹತ್ತು ದಿನವಾದರೂ ನಮ್ಮ ಮನೆಯ ಹುಳ ಸೊಪ್ಪು ತಿನ್ನುತ್ತಲೇ ಇತ್ತು.

ರೇಷ್ಮೆ ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಮುಗಿಸಿದ ಹುಳ ಏಳೆಂಟು ದಿನ ಹೊಟ್ಟೆ ಬಿರಿಯುವಂತೆ ತಿನ್ನುತ್ತದೆ. ಆಮೇಲೆ ಬಾಯಿ ಕಟ್ಟಿ, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದಕ್ಕೆ ಹುಳ ಹಣ್ಣಾಯಿತು ಅನ್ನುವುದು. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳಾದ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿ ಮೂರು ದಿನವಾಗಿತ್ತು. ಅವು ಅಂಗಳದಲ್ಲಿ ಖಾಲಿ ನಿಂತಿದ್ದವು. ಒಳಗಿನಿಂದ ಸೊಪ್ಪು ಕತ್ತರಿಸುವ ಸರಸರ ಸದ್ದು ಕೇಳುತ್ತಲೇ ಇತ್ತು. ಮಾಮೂಲಿ ದಿನಗಳಲ್ಲಿ ಆ ಸದ್ದು ನಮಗೆ ಹಬ್ಬ. ಅವತ್ತು ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತವಳಿಗೆ ಅದು ಹಾಗೆ ಕೇಳಿಸಲಿಲ್ಲ.

ನಮ್ಮ ಊರು ಜಂಗಮಕೋಟೆಯ ಪಕ್ಕದಲ್ಲಿ. ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಹಸು ಕಟ್ಟುವವರಿಗೆ ನೊಣದ ಕಾಟ ತಪ್ಪಿಸುವುದು ಆ ವರ್ಷ ನಮ್ಮ ತಂಡ ಹಿಡಿದ ಕೆಲಸ. ನಾವು ತಯಾರಿಸಿದ ಔಷಧ ನೊಣವನ್ನು ಕೊಲ್ಲುತ್ತಿರಲಿಲ್ಲ. ಸಗಣಿಯಲ್ಲಿ ಹುಟ್ಟಿದ ಹುಳ ರೆಕ್ಕೆ ಬಂದು ನೊಣವಾಗದಂತೆ ತಡೆಯುತ್ತಿತ್ತು. ಹುಳ ಹುಳವಾಗಿಯೇ ಉಳಿದು, ತಿಂದು ತಿಂದು ಕೊನೆಗೆ ಸಾಯುತ್ತಿತ್ತು. ವಾಸನೆ ಇಲ್ಲ, ಬಣ್ಣ ಇಲ್ಲ ಎಂದು ಸಭೆಗಳಲ್ಲಿ ನಾನೇ ಎದ್ದು ನಿಂತು ಹೇಳಿಕೊಂಡಿದ್ದೆ. ಗೋಣಿಚೀಲವನ್ನು ಆ ಔಷಧದಲ್ಲಿ ಅದ್ದಿ, ಒಣಗಿಸಿ, ತಿಪ್ಪೆಗುಂಡಿಯ ಸುತ್ತ ಹೊದಿಸುವುದು ನಮ್ಮ ಉಪಾಯ. ಚಿಂತಾಮಣಿ, ಗೌರಿಬಿದನೂರು ಕಡೆಯ ಕೊಟ್ಟಿಗೆಗಳಲ್ಲಿ ಪ್ರಯೋಗ ಚೆನ್ನಾಗಿಯೇ ನಡೆದಿತ್ತು. ನಮ್ಮ ಮನೆಯ ಹಸುಗಳಿಗೂ ಆಗಲಿ ಎಂದು ಅಂಥ ಒಂದು ಕಟ್ಟು ಗೋಣಿ ತಂದುಕೊಟ್ಟಿದ್ದೆ.

ರೇಷ್ಮೆ ಹುಳಕ್ಕೂ ಅದು ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಜೊತೆಗೆ ತಂದಿದ್ದ ಔಷಧದ ಸೀಸೆಯನ್ನು ಮನೆಯಲ್ಲಿ ಬಿಡದೆ ನನ್ನ ಚೀಲದಲ್ಲೇ ವಾಪಸ್ ಒಯ್ದಿದ್ದೆ. ತಿಪ್ಪೆಯ ಕೆಲಸ ಮಾಡಿದ ಕೈಯಲ್ಲಿ ಹುಳುಮನೆಗೆ ಹೋಗಬೇಡಿ ಎಂದು ಎರಡೆರಡು ಸಲ ಹೇಳಿದ್ದೆ. ಹೇಳುವುದನ್ನೆಲ್ಲ ಹೇಳಿದವಳ ಠೀವಿಯಲ್ಲಿ ಬಸ್ ಹತ್ತಿದ್ದೆ.

ಅತ್ತಿಗೆ ನನ್ನನ್ನು ಹುಳುಮನೆಯೊಳಗೆ ಕರೆದಳು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈಕಾಲು ತೊಳೆದು ಒಳಗೆ ಹೋದೆ. ಅಮ್ಮನಿಂದ ಹುಳ ಸಾಕುವುದನ್ನು ಕಲಿತು, ಅಮ್ಮನನ್ನೇ ಮೀರಿಸಿದವಳು ಅವಳು. ಒಂದು ಬೆಳೆಯೂ ಅವಳ ಕೈಯಲ್ಲಿ ಕೆಟ್ಟದ್ದಿಲ್ಲ. ಹುಳಕ್ಕೆ ಕಾಯಿಲೆ ಬಂದರೆ ಸುತ್ತಲಿನ ನಾಲ್ಕು ಮನೆಯವರು ಅವಳನ್ನು ಕೇಳಿಕೊಂಡು ಬರುತ್ತಿದ್ದರು. ಅವಳ ಕಣ್ಣು ಊದಿಕೊಂಡಿತ್ತು. ಅಣ್ಣ ಅಂಗಳದಲ್ಲಿರುವುದನ್ನು ನೋಡಿಕೊಂಡು ಮೆಲ್ಲಗೆ ಹೇಳಿದಳು.

"ಯಾರ್ಗೂ ಹೇಳ್ಬೇಡ ಕಣಮ್ಮ. ಜ್ವರ ಎದ್ದ ಮೂರನೇ ದಿನ ನಾನು ಮುಟ್ಟಾಗಿದ್ದೆ. ನಿಮ್ಮಣ್ಣ ಮುರುಗಮಲ್ಲಕ್ಕೆ ಹೋಗಿದ್ರು, ಅತ್ತೆಗೆ ಮಂಡಿನೋವು, ಅಷ್ಟೂ ತಟ್ಟೆಗೆ ಹಾಕಕ್ಕಾಗಲ್ಲ. ಸೊಪ್ಪು ಹಾಕೋರು ಇರ್ಲಿಲ್ಲ ಅಂತ ಒಳಗ್ ಬಂದ್ಬಿಟ್ಟೆ. ನನ್ನಿಂದ್ಲೇ ಹಿಂಗಾಗಿದ್ದು."

ಮುಟ್ಟಾದವರು ಹುಳುಮನೆಗೆ ಕಾಲಿಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅದನ್ನು ನಾನು ಎಂದೋ ಗಾಳಿಗೆ ತೂರಿದ್ದೆ. ಹಂಗೆಲ್ಲ ಏನೂ ಇಲ್ಲ ಅತ್ತಿಗೆ ಎಂದು ಸಮಾಧಾನ ಹೇಳಿದೆ. ಅವಳು ನಂಬಲಿಲ್ಲ. ಹಾಗಾದರೆ ಮತ್ತೇನು ಎಂದು ಕೇಳಿದಳು. ಒಂದು ಹುಳವನ್ನು ಅಂಗೈಗೆ ಎತ್ತಿಕೊಂಡು ನೋಡಿದೆ. ಹಾಲು ತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಯಾವ ಕಾಯಿಲೆಯ ಗುರುತೂ ಹುಳದ ಮೈಮೇಲೆ ಇರಲಿಲ್ಲ. ಬೆಳ್ಳಗೆ, ದಪ್ಪಗೆ, ಕಂಡಾಬಟ್ಟೆ ಆರೋಗ್ಯವಾಗಿದ್ದವು.

ಅಣ್ಣನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ರಸ್ತೆಯಾಚೆಯ ದ್ರಾಕ್ಷಿ ತೋಟದವನು ಹೊಡೆದ ಔಷಧ ಗಾಳಿಯಲ್ಲಿ ಬಂದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿದೆ ಎಂದು ಅವನ ತೀರ್ಮಾನ. ನಾನು ಅಂಗಳಕ್ಕೆ ಬಂದಾಗ ಎರಡು ಮಂಕರಿ ತುಂಬ ಹುಳ ಸುರಿದುಕೊಂಡು ಬೈಕಿಗೆ ಕಟ್ಟುತ್ತಿದ್ದ. ತೋಟದ ಗೇಟಿನ ಮುಂದೆ ಸುರಿದು, ಊರವರನ್ನೆಲ್ಲ ಕರೆದು ನ್ಯಾಯ ಕೇಳುತ್ತೇನೆ ಅಂದ. ಎರಡು ಮನೆಗೂ ಅಜ್ಜನ ಕಾಲದಿಂದ ಬಳಕೆ. ಬೇಡವೆಂದರೆ ನನ್ನ ಮೇಲೇ ಸಿಡುಕಿದ.

ಮತ್ತೆ ಹುಳುಮನೆಗೆ ಬಂದಾಗ ಬಾಗಿಲ ಪಕ್ಕದಲ್ಲಿ ಹುಳದ ತಟ್ಟೆ ಜೋಡಿಸಿದ ಒಂದು ಸ್ಟ್ಯಾಂಡು ನನ್ನ ಕಣ್ಣಿಗೆ ಬಿತ್ತು. ಅದರ ತಟ್ಟೆಗಳಲ್ಲಿ ಸದ್ದಿರಲಿಲ್ಲ. ಬಗ್ಗಿ ನೋಡಿದರೆ ಹುಳವೇ ಇಲ್ಲ. ಕೇಳಿದ್ದಕ್ಕೆ ಅತ್ತಿಗೆ, ಅದು ಅತ್ತೆ ನೋಡಿಕೊಳ್ಳುವ ಸ್ಟ್ಯಾಂಡು, ಅವು ಮೊನ್ನೆಯೇ ಹಣ್ಣಾದವು, ಹಿಂದಿನ ಕೋಣೆಯಲ್ಲಿ ಚಂದ್ರಿಕೆಗೆ ಬಿಟ್ಟಿದ್ದೇವೆ ಅಂದಳು. ಅಮ್ಮನ ಕೈ ಶುದ್ಧ, ತನ್ನದು ಮೈಲಿಗೆ ಎಂಬುದಕ್ಕೆ ಅವಳಿಗೆ ಇನ್ನೇನು ಸಾಕ್ಷಿ ಬೇಕು?

ಅದೇ ತೋಟ, ಅದೇ ಮೊಟ್ಟೆ, ಅದೇ ಕೋಣೆ. ಗಾಳಿಯಲ್ಲಿ ವಿಷ ಬಂದಿದ್ದರೆ ಅಮ್ಮನ ಹುಳವನ್ನು ಬಿಟ್ಟು ಬರುತ್ತಿತ್ತೇ? ಅಮ್ಮ ಬೇರೆಯಾಗಿ ಮಾಡುವುದೇನು ಎಂದು ಕೇಳಿದೆ. ಅಮ್ಮ ಅಡುಗೆಮನೆಯಿಂದಲೇ, "ನಾಕೇಮಿ ತೆಲುಸು, ನಂಗೇನ್ ಗೊತ್ತು, ಓದಿರೋಳು ನೀನು" ಅಂದಳು. ಅವಳ ತವರು ಆಂಧ್ರದ ಗಡಿ. ಸಿಟ್ಟು ಬಂದರೆ ತೆಲುಗು ಬರುತ್ತದೆ. ಆಮೇಲೆ ತಾನಾಗಿಯೇ, "ನಾನು ಸೊಪ್ಪಿಗೆ ಗೋಣಿ ಮುಚ್ಚಲ್ಲಮ್ಮ. ನನ್ನ ಹಳೇ ಸೀರೇನೇ ಒದ್ದೆ ಮಾಡಿ ಮುಚ್ಚೋದು" ಅಂದಳು.

ಕೊಯ್ದ ಸೊಪ್ಪು ಬಾಡದಿರಲಿ ಎಂದು ಒದ್ದೆ ಗೋಣಿ ಮುಚ್ಚಿಡುವುದು ನಮ್ಮ ಸೀಮೆಯ ಪ್ರತಿ ಹುಳುಮನೆಯ ಪದ್ಧತಿ. ಅದರ ನಾರು ಸೊಪ್ಪಿಗೆ ಅಂಟುತ್ತದೆಂದು ಅಮ್ಮ ಮಾತ್ರ ಸೀರೆ ಬಳಸುತ್ತಿದ್ದಳು. ಅದಕ್ಕಾಗಿ ನಾವು ಅವಳನ್ನು ಎಷ್ಟು ಆಡಿಕೊಂಡಿದ್ದೇವೋ ಲೆಕ್ಕವಿಲ್ಲ.

ಸೊಪ್ಪಿನ ಕೋಣೆಗೆ ಓಡಿದೆ. ರಾಶಿಯ ಮೇಲಿದ್ದ ಗೋಣಿಯ ಅಂಚಿನಲ್ಲಿ ನಾವು ಗುರುತಿಗೆಂದು ಹಾಕಿದ ನೀಲಿ ದಾರದ ಹೊಲಿಗೆ ಇತ್ತು. ತಿಪ್ಪೆಗೆ ಹೊದಿಸಿ ಮಿಕ್ಕಿದ್ದ ಗೋಣಿಗಳನ್ನು ಕೊಟ್ಟಿಗೆಯ ಅಟ್ಟದಲ್ಲಿ ಮಡಿಸಿಟ್ಟು ಹೋಗಿದ್ದವಳು ನಾನೇ. ಹೊಸ ಗೋಣಿ, ಸುಮ್ಮನೆ ಕೊಳೆಯುವುದೇಕೆ ಎಂದು ಅತ್ತಿಗೆ ತಂದು, ಎರಡು ಸಲ ಒಗೆದು, ಒದ್ದೆ ಮಾಡಿ ಮುಚ್ಚಿದ್ದಳು. ಒಗೆದರೆ ಹೋಗುವಂಥ ಔಷಧ ಅದಲ್ಲ. ಮಳೆಗೂ ಹೋಗಬಾರದೆಂದು ಆರು ತಿಂಗಳು ತಲೆ ಕೆಡಿಸಿಕೊಂಡವಳೂ ನಾನೇ.

ಹಾಲು ಪರೀಕ್ಷಿಸಿದ್ದೆವು, ಹಸುವಿನ ಚರ್ಮ ನೋಡಿದ್ದೆವು, ಗೊಬ್ಬರ ಬಿದ್ದ ಮಣ್ಣನ್ನೂ ಬಿಟ್ಟಿರಲಿಲ್ಲ. ಒಂದು ಮನೆಯಲ್ಲಿ ಗೋಣಿ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಎಂದು ಮಾತ್ರ ಕೇಳಿರಲಿಲ್ಲ. ಹೊರಗಿನವರಾಗಿದ್ದರೆ ಕೇಳುತ್ತಿದ್ದರೇನೋ. ನಾನು ಇದೇ ಮನೆಯಲ್ಲಿ ಹುಟ್ಟಿ, ಇದೇ ಒದ್ದೆ ಗೋಣಿ ಎತ್ತಿ ಬೆಳೆದವಳು. ಎಲ್ಲ ಗೊತ್ತು ಎಂಬ ಧಿಮಾಕಿನಲ್ಲಿ ಕೇಳಲಿಲ್ಲ.

ಹೊರಗೆ ಬೈಕ್ ಸ್ಟಾರ್ಟ್ ಆಯಿತು.

ಆ ಕ್ಷಣ ಸುಮ್ಮನಿದ್ದುಬಿಡುವ ಯೋಚನೆ ನನಗೆ ಬಂತು. ಬರಲಿಲ್ಲ ಎಂದರೆ ಸುಳ್ಳು. ಗೋಣಿಯನ್ನು ಒಲೆಗೆ ಹಾಕಿದರೆ ಮುಗಿಯಿತು. ಅಣ್ಣ ತೋಟದವನನ್ನು ಬೈಯುತ್ತಾನೆ, ಅತ್ತಿಗೆ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ, ನನ್ನ ಪ್ರಯೋಗದ ವರದಿ ಒಂದು ಕಲೆಯಿಲ್ಲದೆ ಮೇಲಕ್ಕೆ ಹೋಗುತ್ತದೆ. ಅತ್ತಿಗೆ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎನ್ನುವಂತೆ ಹೊಸಿಲನ್ನು ನೋಡುತ್ತಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಗೋಣಿ ಎತ್ತಿಕೊಂಡು ಹೋಗಿ ಬೈಕಿನ ಮುಂದೆ ನಿಂತೆ. "ಗಾಡಿ ಆಫ್ ಮಾಡಣ್ಣ. ದ್ರಾಕ್ಷಿ ತೋಟದವ್ರು ಏನೂ ಮಾಡಿಲ್ಲ. ಇದು ನನ್ನ ಔಷಧ."

ಅಣ್ಣ ಗಾಡಿ ಆಫ್ ಮಾಡಿದ. ಹಗ್ಗ ಬಿಚ್ಚಿ ಮಂಕರಿಗಳನ್ನು ಒಂದೊಂದಾಗಿ ಕೆಳಗಿಟ್ಟು ಒಳಗೆ ಹೋದ. ಅತ್ತಿಗೆ ನನ್ನ ಹಿಂದೆಯೇ ಅಂಗಳಕ್ಕೆ ಬಂದಿದ್ದಳು.

"ಹಂಗಾದ್ರೆ ನನ್ನಿಂದ ಅಲ್ವಾ?"

ಅಲ್ಲ ಅಂದೆ. ಯಾವುದು ನಿನ್ನಿಂದ ಎಂದು ಅಮ್ಮ ಹೊರಗೆ ಬಂದು ಕೇಳಿದಳು. ಅತ್ತಿಗೆ ಮುಟ್ಟಿನ ವಿಷಯವನ್ನು ಅಮ್ಮನ ಎದುರಿಗೇ ಹೇಳಿದಳು. ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು.

ಹುಳ ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿಗೆ ಚಿಮುಕಿಸುವ ಒಂದು ಮದ್ದು ಇದೆ. ಅಣ್ಣ ಶಿಡ್ಲಘಟ್ಟಕ್ಕೆ ಹೋಗಿ ಅದನ್ನು ತಂದ. ಸಂಜೆಯೊಳಗೆ ಹಾಕಿದೆವು. ಎರಡು ದಿನಕ್ಕೆ ಕೆಲವು ತಟ್ಟೆಯ ಹುಳ ತಲೆಯೆತ್ತಿದವು. ಉಳಿದವು, ಅರ್ಧಕ್ಕೂ ಹೆಚ್ಚು, ತಿನ್ನುತ್ತಲೇ ಸತ್ತವು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಮಣ್ಣು ಎಳೆಯುವಾಗ ನಾನು ಬಿಕ್ಕಿ ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಮೇಲಿನವರು ಓದಿ, ಇದನ್ನು ಬಳಕೆದಾರರ ಅಜಾಗರೂಕತೆ ಎಂದು ತಿದ್ದಿದರೆ ಒಳ್ಳೆಯದಲ್ಲವೇ ಅಂದರು. ಆ ಬಳಕೆದಾರಳು ಗೋಣಿಯನ್ನು ಎರಡು ಸಲ ಒಗೆದಿದ್ದಾಳೆ ಸಾರ್, ನಾವು ಎಚ್ಚರಿಕೆಯ ಒಂದು ಚೀಟಿಯನ್ನೂ ಹೊಲಿದಿರಲಿಲ್ಲ ಅಂದೆ. ಹುಳ ಸಾಕುವ ತಾಲ್ಲೂಕುಗಳಲ್ಲಿ ಪ್ರಯೋಗ ನಿಂತಿತು.

ಮುಂದಿನ ಬೆಳೆಗೆ ಮೂರನೇ ಜ್ವರದ ಹೊತ್ತಿಗೆ ಊರಿಗೆ ಹೋದೆ. ಅಭ್ಯಾಸಬಲದಿಂದ ಕೈಕಾಲು ತೊಳೆದು ಹುಳುಮನೆಯ ಕಡೆ ಹೊರಟಾಗ ಅತ್ತಿಗೆ ಸೊಪ್ಪಿನ ಹೊರೆಯೊಂದಿಗೆ ಎದುರಾದಳು. ಹೊರೆಯ ಮೇಲೆ ಅಮ್ಮನ ಹಳೆಯ ಸೀರೆ ಒದ್ದೆಯಾಗಿ ಹರಡಿತ್ತು. ಅವಳು ಮೊಣಕೈಯನ್ನು ಬಾಗಿಲಿಗೆ ಅಡ್ಡ ಇಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇವತ್ತು ನಾನು ಮುಟ್ಟಾಗಿದ್ದೀನಿ, ಅತ್ತೇನೇ ಒಳಗ್ ಹೋಗು ಅಂದ್ರು," ಅಂದಳು. "ನೀನು ಮಾತ್ರ ಆಚೆನೇ ಇರಮ್ಮ."

ಸುಣ್ಣದ ಪುಡಿಯ ಗೆರೆಯ ಈಚೆ ನಾನು ನಿಂತೆ. ಅವಳು ಅದನ್ನು ದಾಟಿ ಒಳಗೆ ಹೋದಳು.