ಬೆಳ್ಳಟ್ಟಿಯ ವೇರ್‌ವುಲ್ಫ್

ತೋಳಗಳೇನೋ ಹಿಂಡಾಗಿ ಬೇಟೆಯಾಡುತ್ತವೆ, ಸರಿ; ಆದರೆ ಹುಣ್ಣಿಮೆಗೆ ತೋಳವಾಗುವ ಮನುಷ್ಯ, ಅಂದರೆ ವೇರ್‌ವುಲ್ಫ್, ಹಿಂಡು ಕಟ್ಟುತ್ತಾನೋ ಒಂಟಿಯಾಗಿ ತಿರುಗುತ್ತಾನೋ ಎಂದು ಮೊಮ್ಮಗಳು ಮೊನ್ನೆ ರೊಟ್ಟಿ ಮುರಿಯುತ್ತ ಕೇಳಿದಳು. ಎಂಬತ್ತರ ಮುದುಕಿಗೆ ಮೊಣಕಾಲು, ಬಿ.ಪಿ.ಗಳ ಹೊರತಾದ ಪ್ರಶ್ನೆಯನ್ನು ಯಾರು ಕೇಳುತ್ತಾರೆ? ಧನ್ಯಳಾದೆ.

ಈ ವಿಷಯದಲ್ಲಿ ನನಗೆ ಕೊಂಚ ಪಾಂಡಿತ್ಯವೂ ಉಂಟು, ನೋಡಿ. ಕರ್ನಾಟಕ ಒಂದಾಗಲಿದ್ದ ವರ್ಷ ಕಾನ್ವೆಂಟಿನಿಂದ ರಜೆಗೆ ಮುಂಡರಗಿಗೆ ಬಂದಾಗ, ನನ್ನ ಟ್ರಂಕಿನಲ್ಲಿ ಬಟ್ಟೆಗಿಂತ ಡಾರ್ಮಿಟರಿಯ ಪಿಸುಗತೆಗಳೇ ಹೆಚ್ಚಿದ್ದವು: ಹುಬ್ಬು ಕೂಡಿದವನು ವೇರ್‌ವುಲ್ಫ್; ಅವನು ಒಬ್ಬನೇ ಬೇಟೆಗೆ ಹೊರಡುತ್ತಾನೆ. ಅಂದೇ ನಮ್ಮ ಶಾಂತಕ್ಕನನ್ನು ನೋಡಲು ಬೆಳ್ಳಟ್ಟಿಯ ವರ ತಂದೆಯೊಡನೆ ಬಂದಿದ್ದ. ಅವನ ಹುಬ್ಬುಗಳೋ, ಮುಂಬಯಿ, ಮೈಸೂರು, ಹೈದರಾಬಾದುಗಳ ಕನ್ನಡಿಗರಿಗಿಂತ ಮೊದಲೇ ಏಕೀಕರಣಗೊಂಡಿದ್ದವು!

ಕದದ ಹಿಂದಿದ್ದ ಅಕ್ಕನಿಗೆ ಗುಟ್ಟು ತಿಳಿಸಿದೆ. ಅವಳು ನಗಲಿಲ್ಲ.

"ಹುಬ್ಬು ಹಾಳಾಗ್ಲಿ. ಹದಿನೆಂಟು ಮಂದಿ ಮನಿಯಂತ. ಅಷ್ಟೂ ಮಂದಿ ಕೂಡಿ ನನ್ನ ಹರಕೊಂಡು ತಿಂದ್ರ, ಇವ ಯಾರ ಕಡಿ ನಿಂದರತಾನ? ಅಪ್ಪ ಇವತ್ತ ನನ್ನ ಒಪ್ಪಿಗಿ ಕೇಳ್ಯಾನ. ಏನಂತ ಹೇಳ್ಲಿ?"

ಹನ್ನೊಂದರ ನನಗೆ ಅವಳ ಸಂಕಟ ತಿಳಿಯಲಿಲ್ಲ. ಹಿಂಡಿನ ಪ್ರಶ್ನೆಯಷ್ಟೇ ತಲೆಗೆ ಹೊಕ್ಕಿತು. ಶಿರಾ ತಟ್ಟೆ ಹಿಡಿದು ಪಡಸಾಲೆಗೆ ನಡೆದವಳೇ ವರನನ್ನು ಕೇಳಿಬಿಟ್ಟೆ:

"ನೀವು ಬ್ಯಾಟಿ ಒಬ್ಬರ ಆಡ್ತೀರೋ, ಹಿಂಡು ಕಟಗೊಂಡು ಆಡ್ತೀರೋ?"

ಚಮಚಗಳು ನಿಂತವು. "ಏ ಹುಚ್ಚಿ, ಕಾನ್ವೆಂಟಿನ್ಯಾಗ ಇದನ್ನ ಕಲಸ್ತಾರೇನ?" ಎಂದು ಸೋದರಮಾವ ಗದರಿದ. ವರ ಮಾತ್ರ, ಪರೀಕ್ಷೆಗೆ ಕುಳಿತವನಂತೆ ಗಂಭೀರವಾಗಿ ಯೋಚಿಸಿ, ಅಕ್ಕನ ಮಾತು ಕಿವಿಗೆ ಬಿದ್ದಿತ್ತೋ ಏನೋ, ಕದದತ್ತ ಒಮ್ಮೆ ನೋಡಿದ.

"ಕಪ್ಪತಗುಡ್ಡದ ಕಡಿ ತೋಳ ಕಂಡೀನಿ ತಂಗಿ. ಹಿಂಡು ನಾ ಕಾಣೆ, ಜೋಡಿಲೆ ಬರ್ತಾವು. ಒಂದು ತೋಳ ಹಟ್ಟಿ ಕಾಯೋ ನಾಯಿನ್ನ ಬೆನ್ನ ಹತ್ತಿಸ್ಕೊಂಡು ಆ ಕಡಿ ಓಡತೈತಿ, ಇನ್ನೊಂದು ಈ ಕಡಿ ಕುರಿಮರಿ ಎತ್ತತೈತಿ. ನಾನೂ ಹಂಗ. ನಮ್ಮವ್ವ ಬೈಯಾಕ ಶುರು ಮಾಡಿದ್ಲಂದ್ರ ಆಕಿನ್ನ ನಾ ಮಾತಿಗೆ ಎಳೀತೀನಿ. ಅಷ್ಟ್ರಾಗ ಹೆಂಡ್ತಿ ಪಾರಾಗ್ಲಿ."

"ಭಾಳ ಶ್ಯಾಣ್ಯಾ ಆಗೀಯಲೇ! ಮನೀಗೆ ನಡಿ, ನಿಮ್ಮವ್ವಗ ಹೇಳ್ತೀನಿ," ಎಂದು ಅವನ ತಂದೆ ಹೊಟ್ಟೆ ಹಿಡಿದು ನಕ್ಕರು. ಪಡಸಾಲೆಯೆಲ್ಲ ಉಸಿರು ಬಿಟ್ಟಿತು.

ತುಂಬಿದ ಮನೆಯಲ್ಲಿ ಒಂಟಿಯಾಗುವ ಭಯ ಎಂಥದ್ದೆಂದು ನನಗೆ ಅರ್ಥವಾದದ್ದು ನನ್ನ ಮದುವೆಯಾದ ಮೇಲೆ. ಅಂದು ಕಂಡದ್ದು ಇಷ್ಟೇ: ಬಾಯಿಗೆ ಸೆರಗು ಒತ್ತಿಕೊಂಡರೂ ನಗೆ ತಡೆಯಲಾರದ ಅಕ್ಕ ನನ್ನನ್ನು ಒಳಗೆಳೆದುಕೊಂಡು, ಕೆನ್ನೆ ಹಿಂಡಿ, "ಜಲ್ದಿ ಓಡು, ಅಪ್ಪಗ ಆತು ಅನ್ನು," ಎಂದಳು.