ದೇವಕ್ಕನ ಗ್ಯಾಲರಿಗೆ ದಸ್ತಗೀರಸಾಬನ ರೇಲಿಂಗ್

ದಸ್ತಗೀರಸಾಬ ಉಣಕಲ್ಲಿನಲ್ಲಿ ಗ್ರಿಲ್ಲು, ರೇಲಿಂಗ್ ಮಾಡುವವನು. ಅವನು ವೆಲ್ಡಿಂಗ್ ಮಾಡಿದ್ದಕ್ಕೆ ಬಣ್ಣ ಹಚ್ಚುವವನು ನಾನು, ಹುಲಗಪ್ಪ. ಬಹಳ ವರ್ಷದ ಜೋಡಿ. ಮಾತೆಲ್ಲ ಅವನದು. ಯಾವ ಮನೆಗೆ ರೇಲಿಂಗ್ ಕೂಡಿಸಿದರೂ ಮೊದಲು ತಾನೇ ಮೈಭಾರ ಹಾಕಿ ಅದಕ್ಕೆ ಒರಗುತ್ತಾನೆ. ದಪ್ಪ ಆಳು. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಹೋದ ಬೇಸಿಗೆಯಲ್ಲಿ ದೇವಕ್ಕನ ಮನೆಯ ಕೆಲಸ ಬಂತು. ದಸ್ತಗೀರನ ಅಂಗಡಿ ಮೊದಲು ಆ ಮನೆಯ ಕೆಳಗೇ ಇತ್ತು. ಅವನು ಬುತ್ತಿ ತರದ ದಿನ ದೇವಕ್ಕ ಮೇಲಿನಿಂದ ರೊಟ್ಟಿ ಕಳಿಸುತ್ತಿದ್ದಳು. ಈಗ ಆಕೆಗೆ ಸತ್ತೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಆಪರೇಷನ್ ಆಗಿತ್ತು. ಮೆಟ್ಟಿಲು ಇಳಿಯುವಂತಿಲ್ಲ. ಓಣಿಯವರ ಜೊತೆ ಮಾತಿಲ್ಲದೆ ಊಟವೇ ಸೇರದಂತಾಗಿತ್ತು. ಕುಳಿತಲ್ಲಿಂದಲೇ ಓಣಿ ಕಾಣಲೆಂದು ಮಗ ಮಾಲತೇಶ ಮಹಡಿಯ ಮುಂದಿನ ಗ್ಯಾಲರಿಯನ್ನು ದೊಡ್ಡದು ಮಾಡಿಸಿದ್ದ. ರೇಲಿಂಗ್ ಒಂದೇ ಬಾಕಿ.

"ಕಾಜು ಹಾಕೋಣು ಕಾಕಾ," ಎಂದು ಮಾಲತೇಶ ಮೊಬೈಲಿನಲ್ಲಿ ಗಾಜಿನ ರೇಲಿಂಗಿನ ಫೋಟೋ ತೋರಿಸಿದ.

"ಕಾಜು ಬ್ಯಾಡೋ," ದೇವಕ್ಕ ಒಳಗಿನಿಂದ ಕೂಗಿದಳು. "ಮಂದಿ ಮಾರಿ ಕಾಣತೈತಿ, ಮಾತ ಕೇಳಂಗಿಲ್ಲ. ನಾ ಏನ್ ಟೀವಿ ನೋಡಾಕ ಕುಂದ್ರತೇನೇನು?"

"ಹಂಗಾರ ಸ್ಟೀಲ್?"

"ಛಲೋನ ಐತಿ," ಎಂದ ದಸ್ತಗೀರ. "ಆದ್ರ ಮಧ್ಯಾಹ್ನ ಬಿಸಲಿಗೆ ಕಾದ ಹಂಚ ಆಗತೈತಿ. ಅವ್ವ ಏಳಾಕ ಅದನ್ನ ಹಿಡೀಬೇಕಲ್ಲ? ಕಬ್ಬಿಣದ ಸಳಿ ಹಾಕಿ ಮ್ಯಾಗ ಸಾಗವಾನಿ ಕಟಗಿ ಕೂಡಸ್ತೇನಿ."

"ಕಟಗಿ ಮಳ್ಯಾಗ ಕೆಡಂಗಿಲ್ಲೇನ್ರಿ?" ಮಾಲತೇಶ ಕೇಳಿದ.

"ವರ್ಷಾ ಎಣ್ಣಿ ಹಚ್ಚಬೇಕು. ಈ ಮೌನಪ್ಪ ಬಂದು ಹಚ್ಚತಾನ," ಎಂದು ನನ್ನ ಕಡೆ ಕೈ ಮಾಡಿದ. ನನ್ನ ಮಾತು ಕಮ್ಮಿಯೆಂದು ಅವನಿಟ್ಟ ಹೆಸರು ಅದು.

ದೇವಕ್ಕನನ್ನು ನಿಲ್ಲಿಸಿ ರೇಲಿಂಗಿನ ಎತ್ತರದ ಅಳತೆ ತೆಗೆದುಕೊಂಡ. ಸಳಿಗಳನ್ನು ನೆಟ್ಟಗೆ ಕೂಡಿಸಿದ. ಆಮೇಲೆ ಯಾರೂ ಕೇಳದಿದ್ದರೂ, ತನ್ನ ಖುಷಿಗೆ, ನಡುವೆ ಅಡ್ಡಲಾಗಿ ಕಬ್ಬಿಣದ ಹೂವಿನ ಪಟ್ಟಿ ಸೇರಿಸಿದ. ಆ ಹೂವು ಹುಡುಕಲು ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿದ್ದ. ದೇವಕ್ಕ ಎದ್ದು ನಿಂತು ಕಟ್ಟಿಗೆಯ ಮೇಲೆ ಕೈಯಾಡಿಸಿದಳು. "ಬಂಗಾರದಂಥಾ ಕೆಲಸೋ ಮಗನ," ಎಂದಳು. ಅವತ್ತು ದಸ್ತಗೀರ ದಾರಿಯುದ್ದಕ್ಕೂ ಹಾಡುತ್ತ ಗಾಡಿ ಹೊಡೆದ.

ಎರಡನೇ ಸಲ ಬಣ್ಣ ಹಚ್ಚಲು ನಾವಿಬ್ಬರೂ ಹೋದಾಗ ದೇವಕ್ಕ ಕುರ್ಚಿಯಲ್ಲಿ ಕುಳಿತಿದ್ದಳು. ಎದುರು ಮನೆಯ ಕಾವೇರಿ ಕೆಳಗೆ ಬಟ್ಟೆ ಹಿಂಡುತ್ತಿದ್ದಳು. ಅವಳ ಜೊತೆ ಮಾತಾಡಲು ದೇವಕ್ಕ ಕುತ್ತಿಗೆಯನ್ನು ಒಮ್ಮೆ ಪಕ್ಕಕ್ಕೆ ವಾಲಿಸುವಳು, ಒಮ್ಮೆ ತಗ್ಗಿಸುವಳು. ಕೊನೆಗೆ ಕಟ್ಟಿಗೆ ಹಿಡಿದು ಎದ್ದಳು. ಮೊಣಕಾಲು ನೊಂದು ಮತ್ತೆ ಕುಳಿತಳು.

"ಅವ್ವಾ, ಕುತ್ತಿಗಿ ಹಿಡದೈತೇನು?" ದಸ್ತಗೀರ ಕೇಳಿದ.

"ಇಲ್ಲೋ. ಹೂವು ನೋಡಾಕತ್ತೇನಿ."

ದಸ್ತಗೀರನಿಗೆ ಅನುಮಾನ ಬಂತು. ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ತನ್ನ ತಲೆಯನ್ನು ಆಕೆಯ ತಲೆಯ ಮಟ್ಟಕ್ಕೆ ತಂದ. ಅಲ್ಲಿಂದ ಕೆಳಗೆ ನೋಡಿದರೆ ಕಣ್ಣ ಮುಂದೆ ಬರೀ ಹೂವು. ಓಣಿಯೇ ಇಲ್ಲ.

"ನಿಂದ್ರಿಸಿ ಅಳತಿ ತಗೊಂಡೆ. ಕುಂದ್ರಾಕಿ ನೀ," ಎಂದ. ಮುಖ ಸಣ್ಣದಾಯಿತು. "ಹುಲಗಪ್ಪಾ, ಗ್ರೈಂಡರ್ ತಾ."

"ಕೊಯ್ಯಬ್ಯಾಡೋ, ಪ್ರೀತೀಲೆ ಹಾಕೀದಿ. ನಾ ರೂಢಿ ಮಾಡಿಕೊಂತೇನಿ."

"ದಿನಾ ಹೂವಿನ ಜೋಡಿ ಮಾತಾಡತೀಯೇನವ್ವಾ? ಸ್ವಲ್ಪ ಅತ್ತಾಗ ಸರಿ."

ಪಟ್ಟಿ ಕೊಯ್ದು ಕೆಳಗೆ, ಪಾದದ ಹತ್ತಿರ ಕೂಡಿಸಿದ. ಮತ್ತೆ ಮೈಭಾರ ಹಾಕಿ ಒರಗಿದ. ನಾನು ಸುಟ್ಟ ಗುರುತಿಗೆ ಬಣ್ಣ ಹಚ್ಚಿದೆ.

ಕೆಳಗೆ ಬಂದು ಅವನು ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ. ಮೇಲಿನಿಂದ ದನಿ ಬಂತು.

"ಏ ದಸ್ತಗೀರಾ! ನಡುನೆತ್ತಿ ಪೂರಾ ಬೋಳಾಗೇತಲ್ಲೋ! ಸಿತಾರಾ ಹೇಳಿಲ್ಲೇನು?"

ಕಾವೇರಿ ಬಟ್ಟೆ ಹಿಂಡುವುದು ಬಿಟ್ಟು ನಕ್ಕಳು. ದಸ್ತಗೀರ ಅಂಗೈಯಿಂದ ನೆತ್ತಿ ಮುಚ್ಚಿಕೊಂಡು ಮೇಲೆ ನೋಡಿದ.

"ನನ್ನ ಹೆಂಡತಿ ನಿನ್ನಂಗ ಮ್ಯಾಗ ಕುಂತ ನೋಡಂಗಿಲ್ಲವ್ವಾ!"

ಅಷ್ಟರಲ್ಲಿ ದೇವಕ್ಕ ಕಾವೇರಿಯ ಕಡೆ ತಿರುಗಿ, ಇವತ್ತು ಏನು ಪಲ್ಯ ಎಂದು ಕೇಳುತ್ತಿದ್ದಳು.