ಅಪ್ಪನ ಎದೆಯ ಮೇಲೆ ಬಾವಿ ನೀರು

ನಾನು ಚಿಕ್ಕವಳಿದ್ದಾಗ ನಮ್ಮ ಹೊಲ ಹಲಗೇರಿಯ ಹತ್ತಿರ ಇತ್ತು. ಬಾವಿಯ ಪಕ್ಕದ ಕಣದಲ್ಲಿ ಮೆಣಸಿನಕಾಯಿ ಒಣಗಿಸಿ ಚೀಲ ತುಂಬಿಟ್ಟಿದ್ದರು. ಉಸಿರೆಳೆದರೆ ಮೂಗು ಚುರುಗುಟ್ಟುತ್ತಿತ್ತು. ಆ ದಿನ ಪಂಪ್‌ಸೆಟ್ ನೀರೆತ್ತಲಿಲ್ಲ. ನೀರಿನೊಳಗಿದ್ದ ಅದರ ಬಾಯಿಗೆ ಕಸ ಕಟ್ಟಿಕೊಂಡಿತ್ತು. ಕರೆಂಟು ಹೋಗುವುದರೊಳಗೆ ಉಳ್ಳಾಗಡ್ಡಿ ಬೆಳೆಗೆ ನೀರು ಹಾಯಿಸಬೇಕು. ಅಪ್ಪ ಮುಳುಗುತ್ತಿದ್ದ, ಒಂದಿಷ್ಟು ಕಸ ಕಿತ್ತು ಉಸಿರಿಗಾಗಿ ಮೇಲೆ ಬರುತ್ತಿದ್ದ, ಮತ್ತೆ ಮುಳುಗುತ್ತಿದ್ದ.

ಅಪ್ಪನ ತಮ್ಮ, ನಮ್ಮ ಕಾಕಾ, ರಾಣೇಬೆನ್ನೂರಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ಇವನದು ಸದಾ ತುಳುಕುವ ಕೊಡ.

"ಎಷ್ಟ ಸಲ ಮ್ಯಾಲೆ ಬರ್ತೀ ಅಣ್ಣಾ? ಈ ಪೈಪ್ ಬಾಯಾಗ ಹಿಡಕೊಂಡು ತಳದಾಗ ಆರಾಮ ಕುಂದ್ರು," ಎಂದು ಉದ್ದನೆಯ ರಬ್ಬರ್ ಪೈಪು ಕೊಟ್ಟ. ತೇಲಿ ಬರಬಾರದೆಂದು ಅಪ್ಪನ ಸೊಂಟಕ್ಕೆ ಕಲ್ಲನ್ನೂ ಹಗ್ಗವನ್ನೂ ಕಟ್ಟಿದ. ಬಾವಿಯ ಮೆಟ್ಟಿಲ ಮೇಲೆ ನಿಂತು ಹಗ್ಗವನ್ನು ಅವನು ಹಿಡಿದ. ಪೈಪಿನ ಮೇಲಿನ ತುದಿಯನ್ನು ನನಗೆ ಕೊಟ್ಟ. ನನ್ನ ಪಕ್ಕದಲ್ಲಿ ಅಕ್ಕ ನಿಂತಿದ್ದಳು.

ಅಪ್ಪ ಎರಡಾಳು ಆಳಕ್ಕೆ ಇಳಿದ. ಪೈಪಿನಿಂದ ಒಂದು ಬಿಸಿ ಉಸಿರು ಬಂದು ನನ್ನ ಕೆನ್ನೆಗೆ ತಾಗಿತು. ಆಮೇಲೆ ಒಳಕ್ಕೆ ಎಳೆದುಕೊಳ್ಳುವ ಸದ್ದೇ ಇಲ್ಲ. ಹಗ್ಗ ಜೋರಾಗಿ ಅಲ್ಲಾಡತೊಡಗಿತು.

"ಕಾಕಾ, ಹಗ್ಗ ಜಗ್ಗು," ಎಂದು ಅಕ್ಕ ಅತ್ತಳು.

"ಪೈಪಿನ ತುದಿ ಮ್ಯಾಲೇ ಐತಿ. ಗಾಳಿಗೇನ ಕೊರತಿ? ಕಸ ಕೀಳಾಕತ್ತಾನ, ಸುಮ್ನಿರು," ಎಂದ ಕಾಕಾ.

ಆಗ ನನಗೆ ಬಂದ ಸಿಟ್ಟು ಇಂದಿಗೂ ಆರಿಲ್ಲ. ಅವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದೆ. ಅವನು ಹಗ್ಗ ಬಿಟ್ಟ. ಅಕ್ಕ ಮತ್ತು ನಾನು ಹಲ್ಲುಕಚ್ಚಿ ಜಗ್ಗಿದೆವು.

ಮೇಲೆ ಬಂದ ಅಪ್ಪನ ತುಟಿ ನೀಲಿಗಟ್ಟಿತ್ತು. ಬಹಳ ಹೊತ್ತು ಕೆಮ್ಮಿದ. "ಪೈಪ್ ತುಂಬ ಗಾಳಿ ಇತ್ತು. ಎದೀನ ಮ್ಯಾಲೆ ಏಳಲಿಲ್ಲ," ಎಂದ.

"ನಿನಗ ಎಳಕೊಳ್ಳಾಕ ಬರಲಿಲ್ಲ ಬಿಡು," ಎಂದ ಕಾಕಾ.

ಅಪ್ಪ ಎಂದೂ ಯಾರ ಮೇಲೂ ಕೈ ಎತ್ತಿದವನಲ್ಲ. ಅಂದು ತಮ್ಮನನ್ನು ಕಣಕ್ಕೆ ಎಳೆದೊಯ್ದು, ಅಂಗಾತ ಕೆಡವಿ, ಎದೆಯ ಮೇಲೆ ಎರಡು ಮೆಣಸಿನಕಾಯಿ ಚೀಲ ಹೇರಿದ. "ಸುತ್ತ ಗಾಳಿ ಐತಲ್ಲೋ. ಎಳಕೋ."

ಕಾಕಾ ಬಾಯಿ ತೆರೆದ, ಕಣ್ಣು ಅಗಲಿಸಿದ. ಎದೆ ಮೇಲೇಳಲಿಲ್ಲ. ಅಪ್ಪ ಕೂಡಲೇ ಚೀಲ ತೆಗೆದ. "ನೀರು ಹಿಂಗ ನನ್ನ ಎದಿ ಮ್ಯಾಲೆ ಕುಂತಿತ್ತು. ಕೆಳಗ ಹೋದಂಗೆಲ್ಲ ಭಾರ ಹೆಚ್ಚಾತು. ಗಾಳಿ ಇದ್ರ ಸಾಲದು, ಎದಿ ಹಿಗ್ಗಬೇಕು."

ಕಾಕಾ ಮೈ ಕೊಡವಿಕೊಂಡು ಎದ್ದುಹೋದ.

ಮಕ್ಕಳೇ, ನಿಮಗೆ ನೀಲಿ ನೀರಿನ ಈಜುಕೊಳವಿದೆ, ಸೀಟಿ ಹಿಡಿದು ಕಾಯುವ ಸರ್ ಇದ್ದಾರೆ, ನೀರಲ್ಲಿ ಮುಖವಿಟ್ಟು ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ಗೇಣುದ್ದದ ಬಣ್ಣದ ಕೊಳವೆಯಿದೆ. ಪ್ಲಾಸ್ಟಿಕ್ ಉಳಿಸಲು ಅದನ್ನು ಅಷ್ಟು ಗಿಡ್ಡ ಮಾಡಿಲ್ಲ. ನಿನ್ನೆ ನೀವು ಮೂರು ಕೊಳವೆ ಜೋಡಿಸಿ ಟೇಪು ಸುತ್ತಿ, "ಅಜ್ಜೀ, ಇನ್ನ ತಳದಾಗ ಹೋಗಿ ಕುಂದರ್ತೀವಿ," ಎಂದಿರಿ. ನಾನು ಕಸಿದು ಮುರಿದೆ. ಅಜ್ಜಿ ಕೆಟ್ಟವಳು ಎಂದು ಅತ್ತಿರಿ. ಅನ್ನಿ. ಇನ್ನೊಮ್ಮೆ ಜೋಡಿಸಿದರೆ ಇನ್ನೊಮ್ಮೆ ಮುರಿಯುತ್ತೇನೆ.